ಕೋಲಾರ ಚಿನ್ನದ ಗಣಿ ಷೇರುಗಳು

ಕೋಲಾರ ಚಿನ್ನದ ಗಣಿ ಷೇರುಗಳು ಎಂಬುದು ಈಗಿನ ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿರುವ, ಕೆಜಿಎಫ್ ಎಂದೇ ಪರಿಚಿತವಾದ ಕೋಲಾರ ಗೋಲ್ಡ್ ಫೀಲ್ಡ್ಸ್ ಪ್ರದೇಶದಲ್ಲಿ ಚಿನ್ನ ತೆಗೆಯುವ ಉದ್ದೇಶದಿಂದ 1880ರಿಂದ ಮೊದಲ್ಗೊಂಡು ಲಂಡನ್ನಿನಲ್ಲಿ ನೋಂದಣಿಯಾದ ಕಂಪನಿಗಳು ಸಾರ್ವಜನಿಕರಿಗೆ ಮಾರಿದ ಷೇರುಗಳನ್ನು ಸೂಚಿಸುತ್ತದೆ. ಗಣಿಯನ್ನು ಎಂದೂ ಕಾಣದ ಸಾವಿರಾರು ಸಣ್ಣ ಹೂಡಿಕೆದಾರರು ತಂತಿ ಸುದ್ದಿ, ಗಣಿ ವ್ಯವಸ್ಥಾಪಕರ ವರದಿ ಹಾಗೂ ಪತ್ರಿಕೆಗಳ ಅಂಕಿಅಂಶಗಳನ್ನೇ ನಂಬಿ ಈ ಷೇರುಗಳನ್ನು ಕೊಂಡರು ಮತ್ತು ಮಾರಿದರು. ಒಂದು ಹಂತದಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಒಂದು ಪೌಂಡ್ ಮುಖಬೆಲೆಯ ಷೇರು ಹತ್ತು ಪೆನ್ಸ್‌ನಷ್ಟು ಕೆಳಕ್ಕೆ ಇಳಿದಿತ್ತು. ಅದೇ ಕಂಪನಿ ಕೆಲವೇ ವರ್ಷಗಳಲ್ಲಿ ಜಗತ್ತಿನ ಪ್ರಸಿದ್ಧ ಚಿನ್ನದ ಗಣಿಗಳಲ್ಲಿ ಒಂದರ ಒಡೆತನ ಹೊಂದಿತು. ಈ ಏರಿಳಿತದ ನಡುವೆ ಹುಟ್ಟಿದ ಒಂದು ವ್ಯಾಜ್ಯ ಇಂದಿಗೂ ಕಂಪನಿ ಕಾನೂನಿನ ಪಠ್ಯಗಳಲ್ಲಿ ಉಲ್ಲೇಖವಾಗುತ್ತದೆ.

ಹಿನ್ನೆಲೆ

ಕೋಲಾರ ಸೀಮೆಯಲ್ಲಿ ಬಹಳ ಹಿಂದಿನಿಂದಲೂ ಜನರು ಮಣ್ಣು ತೊಳೆದು ಚಿನ್ನ ಸಂಗ್ರಹಿಸುತ್ತಿದ್ದರು. ಟಿಪ್ಪುವಿನ ಪತನಾನಂತರ ಮೈಸೂರು ರಾಜ್ಯದ ಗಡಿಯನ್ನು ಅಳೆಯಲು ಬಂದಿದ್ದ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಮುತ್ತ ಈ ಕಸುಬನ್ನು ಕಂಡು ವರದಿ ಬರೆದನು. ವರದಿ ಸುಮಾರು ಏಳು ದಶಕಗಳ ಕಾಲ ಹೆಚ್ಚಿನ ಪರಿಣಾಮವಿಲ್ಲದೆ ಉಳಿಯಿತು. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರು ದಂಡು ಪ್ರದೇಶದಲ್ಲಿ ನೆಲೆಸಿದ್ದ ಐರಿಷ್ ಮೂಲದ ನಿವೃತ್ತ ಸೈನಿಕ ಮೈಕೆಲ್ ಫಿಟ್ಸ್‌ಜೆರಾಲ್ಡ್ ಲವೆಲ್ ಅದನ್ನು ಓದಿ 1871ರಲ್ಲಿ ಸ್ಥಳ ಪರಿಶೀಲಿಸಿದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ಪಡೆದನು.

ಗಟ್ಟಿ ಬಂಡೆಯನ್ನು ಕೊರೆದು ಆಳಕ್ಕಿಳಿಯುವ ಕೆಲಸಕ್ಕೆ ಒಬ್ಬ ವ್ಯಕ್ತಿಯ ಹಣ ಸಾಲುವುದಿಲ್ಲ. 1877ರಲ್ಲಿ ಲವೆಲ್ ತನ್ನ ಹಕ್ಕನ್ನು ಮದ್ರಾಸ್ ಸೇನೆಯ ಅಧಿಕಾರಿ ಬೆರೆಸ್‌ಫೋರ್ಡ್ ಮತ್ತು ಆತನ ಜೊತೆಗಾರರಿಗೆ ವರ್ಗಾಯಿಸಿದನು. 'ಕೋಲಾರ್ ಕನ್ಸೆಷನೇರ್ಸ್' ಎಂದು ಹೆಸರಾದ ಈ ಕೂಟ ಪ್ರದೇಶವನ್ನು ಬ್ಲಾಕುಗಳಾಗಿ ವಿಂಗಡಿಸಿ ಹೊಸ ಕಂಪನಿಗಳಿಗೆ ಮಾರತೊಡಗಿತು. 1880ರಲ್ಲಿ ಲಂಡನ್ನಿನ ಗಣಿ ಎಂಜಿನಿಯರುಗಳ ಸಂಸ್ಥೆಯಾದ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರಕ್ಕೆ ಬಂದಿತು. ಅದೇ ವರ್ಷ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪನೆಯಾಯಿತು. ಅದರ ಬೆನ್ನಿಗೇ ಉರಿಗಾಂ, ನಂದಿದುರ್ಗ, ಬಾಲಘಾಟ್ ಮೊದಲಾದ ಹೆಸರಿನ ಕಂಪನಿಗಳು ತಲೆಯೆತ್ತಿದವು. 1881ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಗೆ ಮರಳಿದಾಗ, ರಾಜ್ಯದ ಪೂರ್ವದ ಮೂಲೆಯಲ್ಲಿ ನೆಲದಡಿಯ ಹಕ್ಕುಗಳು ಆಗಲೇ ಲಂಡನ್ ಮಾರುಕಟ್ಟೆಯ ಸರಕಾಗಿದ್ದವು.

ವೈನಾಡಿನ ಸಟ್ಟಾ ಮತ್ತು ಅದರ ಕುಸಿತ

ಕೋಲಾರದ ಷೇರುಗಳ ಆರಂಭದ ದಿನಗಳನ್ನು ವೈನಾಡು ಪ್ರಕರಣದಿಂದ ಬೇರ್ಪಡಿಸಿ ನೋಡಲಾಗದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಗಣಿಗಳ ಆಡಳಿತ ನೋಡಿಕೊಂಡಿದ್ದ ರಾಬರ್ಟ್ ಬ್ರೋ ಸ್ಮಿತ್ ನೀಲಗಿರಿಗೆ ಹೊಂದಿಕೊಂಡ ದೇವಾಲಾ, ಪಂದಲೂರು ಪ್ರದೇಶದ ಚಿನ್ನದ ಬಗ್ಗೆ ಬಹು ಆಶಾದಾಯಕವಾದ ವರದಿ ನೀಡಿದನು. ವರದಿಯ ಬಲದ ಮೇಲೆ 1879ರಿಂದ 1882ರ ಒಳಗೆ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡವು. ಅವುಗಳ ಘೋಷಿತ ಬಂಡವಾಳ ನಾಲ್ಕು ಮಿಲಿಯನ್ ಪೌಂಡುಗಳನ್ನು ಮೀರಿತ್ತು.

ಆ ಬಂಡವಾಳದ ದೊಡ್ಡ ಪಾಲು ಗಣಿ ತೋಡಲು ಬಳಕೆಯಾಗಲೇ ಇಲ್ಲ. ಕಾಫಿ ತೋಟಗಳ ಮಾಲೀಕರಿಂದ ಭೂಮಿಯನ್ನು ಭಾರಿ ಬೆಲೆಗೆ ಕೊಳ್ಳಲಾಯಿತು. ಮಾರಾಟಗಾರರಿಗೆ ಒಂದಿಷ್ಟು ನಗದು, ಒಂದಿಷ್ಟು ಷೇರು ಸಂದಿತು. ಅದಿರಿನ ಪ್ರಮಾಣ ಖಚಿತವಾಗುವ ಮೊದಲೇ ಅದನ್ನು ಕುಟ್ಟುವ ಯಂತ್ರಗಳನ್ನು ಘಟ್ಟ ಹತ್ತಿಸಲಾಯಿತು. ಯಂತ್ರಗಳು ಓಡಿದಾಗ ಬಂದ ಚಿನ್ನ ಖರ್ಚಿಗೂ ಸಾಲಲಿಲ್ಲ. ಹೂಡಿಕೆದಾರರ ಕೈಗೆ ಬಂದಿದ್ದ ಪ್ರಾಸ್ಪೆಕ್ಟಸ್‌ಗಳಲ್ಲಿ ಕಾಣಿಸಿದ್ದು ಆಯ್ದು ತೆಗೆದ ಕಲ್ಲುಗಳ ಪರೀಕ್ಷಾ ಫಲಿತಾಂಶ. ಬೆಣಚುಕಲ್ಲಿನ ಎಳೆಯಲ್ಲಿ ಚಿನ್ನ ಸಮನಾಗಿ ಹರಡಿರುವುದಿಲ್ಲ. ಒಂದು ಅಡಿ ಅಂತರದಲ್ಲಿ ಶ್ರೀಮಂತ ಕಲ್ಲೂ ಬರಡು ಕಲ್ಲೂ ಸಿಗಬಹುದು. ಆದ್ದರಿಂದ ಹತ್ತಾರು ಮಾದರಿಗಳ ಸರಾಸರಿಗೆ ಇರುವ ಬೆಲೆ ಒಂದು ಹೊಳೆಯುವ ತುಂಡಿಗೆ ಇರುವುದಿಲ್ಲ. ಪ್ರಾಸ್ಪೆಕ್ಟಸ್ ಬರೆದವರಿಗೆ ಇದು ತಿಳಿಯದ ವಿಷಯವಾಗಿರಲಿಕ್ಕಿಲ್ಲ. ಓದಿದವರಿಗೆ ಮಾತ್ರ ತಿಳಿದಿರಲಿಲ್ಲ.

ವೈನಾಡು ಕುಸಿದಾಗ 'ದಕ್ಷಿಣ ಭಾರತದ ಚಿನ್ನ' ಎಂಬ ಹೆಸರೇ ಲಂಡನ್ನಿನಲ್ಲಿ ಅಪಹಾಸ್ಯಕ್ಕೆ ಗುರಿಯಾಯಿತು. ಕೋಲಾರದ ಕಂಪನಿಗಳೂ ಅದೇ ಹೆಸರಿನಡಿ ಬಂದಿದ್ದವು. ಒಂದೊಂದಾಗಿ ಅವೂ ಕೆಲಸ ನಿಲ್ಲಿಸಿದವು.

ಹತ್ತು ಪೆನ್ಸ್‌ನ ಷೇರು

1883ರ ಹೊತ್ತಿಗೆ ಮೈಸೂರು ಕಂಪನಿಯ ಬಂಡವಾಳದಲ್ಲಿ ಉಳಿದಿದ್ದುದು ಸುಮಾರು 13,000 ಪೌಂಡ್ ಮಾತ್ರ. ಒಂದು ಪೌಂಡ್ ಎಂದರೆ ಆಗ 240 ಪೆನ್ಸ್. ಹತ್ತು ಪೆನ್ಸ್‌ಗೆ ಮಾರಾಟವಾದ ಷೇರು ತನ್ನ ಮುಖಬೆಲೆಯ ನೂರಕ್ಕೆ ನಾಲ್ಕರಷ್ಟನ್ನು ಮಾತ್ರ ಉಳಿಸಿಕೊಂಡಿತ್ತು. ಷೇರುದಾರರ ಮುಂದೆ ಇದ್ದ ಪ್ರಶ್ನೆ ಸರಳವಾಗಿತ್ತು: ಉಳಿದ ಹಣವನ್ನು ಹಂಚಿಕೊಂಡು ಕಂಪನಿಯನ್ನು ಮುಚ್ಚಬೇಕೆ, ಅಥವಾ ಅದನ್ನೂ ನೆಲದೊಳಗೆ ಸುರಿಯಬೇಕೆ? ಮುಚ್ಚುವುದೇ ಲೇಸೆಂಬ ಅಭಿಪ್ರಾಯ ಪ್ರಬಲವಾಗಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಇನ್ನೊಂದು ಪ್ರಯತ್ನ ಮಾಡಬೇಕೆಂದು ಒತ್ತಾಯಿಸಿತು. ಕೊನೆಗೆ ಅದರ ಸಲಹೆಯೇ ಗೆದ್ದಿತು.

ಉಳಿದ ಹಣದೊಂದಿಗೆ ಕೋಲಾರಕ್ಕೆ ಬಂದವನು ಕ್ಯಾಪ್ಟನ್ ಪ್ಲಮ್ಮರ್. ಇಲ್ಲಿನ 'ಕ್ಯಾಪ್ಟನ್' ಸೇನೆಯ ಪದವಿಯಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಮೇಲ್ವಿಚಾರಕನನ್ನು ಹಾಗೆ ಕರೆಯುವ ರೂಢಿಯಿತ್ತು. ಆತ ಹೊಸ ಜಾಗಗಳನ್ನು ಹುಡುಕುವ ಬದಲು ಹಳೆಯ ಕಾಲದ ಗಣಿಗಾರರು ತೋಡಿ ಬಿಟ್ಟಿದ್ದ ಗುಂಡಿಗಳನ್ನು ಗಮನಿಸಿದನು. ಯಂತ್ರವಿಲ್ಲದ ಕಾಲದಲ್ಲಿ ಅಷ್ಟು ಆಳಕ್ಕೆ ಬಂಡೆ ಒಡೆದು ಇಳಿದಿದ್ದರೆ ಅಲ್ಲಿ ಆ ಶ್ರಮಕ್ಕೆ ತಕ್ಕ ಪ್ರತಿಫಲ ಇದ್ದಿರಲೇಬೇಕು, ಅವರನ್ನು ನಿಲ್ಲಿಸಿದ್ದು ಚಿನ್ನದ ಕೊರತೆಗಿಂತ ಹೆಚ್ಚಾಗಿ ನೀರು ಮತ್ತು ಆಳದ ತೊಡಕು ಆಗಿರಬೇಕು ಎಂಬುದು ಇದರ ಹಿಂದಿನ ತರ್ಕ. ಹಳೆಯ ಗುಂಡಿಗಳ ತಳಕ್ಕಿಂತ ಕೆಳಗೆ ಕೊರೆದಾಗ ಸಿಕ್ಕಿದ ಬೆಣಚುಕಲ್ಲಿನ ಎಳೆಯೇ ಮುಂದೆ 'ಚಾಂಪಿಯನ್ ರೀಫ್' ಎಂದು ಹೆಸರಾಯಿತು. 1880ರ ದಶಕದ ಮಧ್ಯಭಾಗದ ಈ ಶೋಧದೊಂದಿಗೆ ಕೋಲಾರದ ಭವಿಷ್ಯ ಬದಲಾಯಿತು. ಷೇರಿನ ಬೆಲೆ ಮುಖಬೆಲೆಯ ಹಲವು ಪಟ್ಟು ಏರಿತು. ಲಾಭಾಂಶ ಹಂಚಿಕೆ ಆರಂಭವಾಯಿತು.

ಎಳೆ ಕಂಪನಿಯ ಗಡಿಯನ್ನು ಲೆಕ್ಕಿಸುವುದಿಲ್ಲ. ಚಾಂಪಿಯನ್ ರೀಫ್ ದಕ್ಷಿಣೋತ್ತರವಾಗಿ ಹರಡಿದ್ದು, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತದೆ. ದಕ್ಷಿಣದ ಮಾರಿಕುಪ್ಪಂ ಭಾಗದ ಮೈಸೂರು ಗಣಿಯಿಂದ ಹೊರಟು ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮತ್ತು ಬಾಲಘಾಟ್ ಗಣಿಗಳು ಒಂದರ ಪಕ್ಕ ಒಂದು ಇದೇ ಸಾಲಿನಲ್ಲಿ ಬರುತ್ತವೆ. ಹೀಗಾಗಿ ಒಂದು ಗಣಿಯ ಶೋಧ ಪಕ್ಕದ ಗಣಿಯ ಷೇರುದಾರನಿಗೂ ಸುದ್ದಿಯಾಗಿತ್ತು. ನಕಾಶೆಯನ್ನು ಮುಂದಿಟ್ಟುಕೊಂಡು ಓದಬಲ್ಲವನು ತನ್ನ ಕಂಪನಿ ಏನನ್ನೂ ಪ್ರಕಟಿಸುವ ಮೊದಲೇ ಅದರ ಸಾಧ್ಯತೆಯನ್ನು ಒಂದು ಮಟ್ಟಿಗೆ ಊಹಿಸಬಹುದಾಗಿತ್ತು.

ಉರಿಗಾಂ ಕಂಪನಿ ಮತ್ತು ರೋಪರ್ ಪ್ರಕರಣ

ಮೈಸೂರು ಕಂಪನಿಯಂತೆಯೇ ಉರಿಗಾಂ ಕಂಪನಿಯೂ ಹಣದ ಮುಗ್ಗಟ್ಟಿನಲ್ಲಿತ್ತು. ಅದರ ಒಂದು ಪೌಂಡಿನ ಸಾಮಾನ್ಯ ಷೇರು ಮಾರುಕಟ್ಟೆಯಲ್ಲಿ ಎರಡೂವರೆ ಶಿಲ್ಲಿಂಗ್‌ಗೆ, ಅಂದರೆ ಮುಖಬೆಲೆಯ ಎಂಟನೆಯ ಒಂದು ಭಾಗಕ್ಕೆ ಸಿಗುತ್ತಿತ್ತು. ಇಂಥ ಸ್ಥಿತಿಯಲ್ಲಿ ಹೊಸ ಷೇರನ್ನು ಪೂರ್ಣ ಬೆಲೆಗೆ ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಆಡಳಿತ ಮಂಡಳಿ ಒಂದು ಉಪಾಯ ಹೂಡಿತು. ಒಂದು ಪೌಂಡ್ ಮುಖಬೆಲೆಯ ಆದ್ಯತಾ ಷೇರುಗಳನ್ನು ಹೊರಡಿಸಿ, ಅವುಗಳ ಮೇಲೆ ಹದಿನೈದು ಶಿಲ್ಲಿಂಗ್ ಈಗಾಗಲೇ ಪಾವತಿಯಾಗಿದೆ ಎಂದು ದಾಖಲಿಸಿತು. ಕೊಳ್ಳುವವರು ಕೊಡಬೇಕಾದುದು ಐದು ಶಿಲ್ಲಿಂಗ್ ಮಾತ್ರ. ಹಣ ಬಂದಿತು, ಕೆಲಸ ಮುಂದುವರಿಯಿತು, ಕಂಪನಿ ಚೇತರಿಸಿಕೊಂಡಿತು.

ಸಮೃದ್ಧಿ ಬಂದ ಮೇಲೆ ಜಗಳವೂ ಬಂದಿತು. ಸಾಮಾನ್ಯ ಷೇರುಗಳನ್ನು ಹೊಂದಿದ್ದ ರೋಪರ್ ಎಂಬುವರು ಈ ಹಂಚಿಕೆಯೇ ಅಕ್ರಮವೆಂದು ನ್ಯಾಯಾಲಯಕ್ಕೆ ಹೋದರು. 1892ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ಮುಖಬೆಲೆಗಿಂತ ಕಡಿಮೆ ಮೊತ್ತಕ್ಕೆ ಷೇರು ಹೊರಡಿಸುವ ಅಧಿಕಾರ ಕಂಪನಿಗಿಲ್ಲ, ಆದ್ಯತಾ ಷೇರುದಾರರು ಉಳಿದ ಹದಿನೈದು ಶಿಲ್ಲಿಂಗ್‌ಗೂ ಬಾಧ್ಯರು ಎಂಬುದು ತೀರ್ಪಿನ ಸಾರ. ವ್ಯವಹಾರದಲ್ಲಿ ದುರುದ್ದೇಶವಿರಲಿಲ್ಲ ಎಂಬುದನ್ನು ನ್ಯಾಯಮೂರ್ತಿಗಳು ಅಲ್ಲಗಳೆಯಲಿಲ್ಲ. ಆದರೆ ಷೇರುದಾರನ ಹೊಣೆ ಆತ ಕೊಂಡ ಷೇರಿನ ಮುಖಬೆಲೆಗೆ ಸೀಮಿತ ಎಂದು ಕಾನೂನು ರಕ್ಷಣೆ ಕೊಡುವಾಗ, ಅಷ್ಟಾದರೂ ಹಣ ನಿಜವಾಗಿ ಬರಬೇಕು. ಕಂಪನಿಗೆ ಸಾಲ ಕೊಡುವವರು ನಂಬುವುದು ಆ ಘೋಷಿತ ಬಂಡವಾಳವನ್ನೇ.

ಕಷ್ಟಕಾಲದಲ್ಲಿ ಐದು ಶಿಲ್ಲಿಂಗ್ ಕೊಟ್ಟು ಗಣಿಯನ್ನು ಉಳಿಸಿದವರಿಗೆ ಇದು ಕಠಿಣವಾದ ತೀರ್ಪೆಂದು ತೋರಬಹುದು. ಇನ್ನೊಂದು ಬದಿಯಲ್ಲಿ, ಪೂರ್ಣ ಒಂದು ಪೌಂಡ್ ಕೊಟ್ಟು ಮೊದಲು ಬಂದವರ ಪಾಲು ಅವರಿಗೆ ತಿಳಿಯದಂತೆ ತೆಳುವಾಗುವುದನ್ನು ಈ ನಿಯಮ ತಡೆಯಿತು. ಭಾರತದಲ್ಲಿ 1956ರ ಕಂಪನಿ ಕಾಯ್ದೆಯ 79ನೇ ಕಲಂ ಕೆಲವು ಷರತ್ತುಗಳೊಡನೆ ರಿಯಾಯಿತಿ ದರದ ಷೇರುಗಳಿಗೆ ಅವಕಾಶ ನೀಡಿತ್ತು. 2013ರ ಕಾಯ್ದೆಯ 53ನೇ ಕಲಂ ಕೆಲವು ಅಪವಾದಗಳನ್ನು ಬಿಟ್ಟು ಅದನ್ನು ನಿಷೇಧಿಸಿತು. ವಾಣಿಜ್ಯ ಮತ್ತು ಕಾನೂನು ವಿದ್ಯಾರ್ಥಿಗಳು ಓದುವ 'ಊರೆಗಮ್' ಪ್ರಕರಣದ ಹೆಸರು ಕೆಜಿಎಫ್‌ನ ಉರಿಗಾಂ ಎಂಬ ಊರಿನದೇ ಎಂಬುದು ಎಷ್ಟೋ ಬಾರಿ ಗಮನಕ್ಕೆ ಬರುವುದಿಲ್ಲ.

ಮಾಹಿತಿಯ ಹಾದಿ

ಭಾರತ ಮತ್ತು ಇಂಗ್ಲೆಂಡ್ ನಡುವೆ 1870ರಲ್ಲಿ ಸಮುದ್ರದಡಿಯ ತಂತಿ ಸಂಪರ್ಕ ಏರ್ಪಟ್ಟಿತ್ತು. ಗಣಿಯಿಂದ ಹೊರಟ ತಂತಿ ಲಂಡನ್ ಕಚೇರಿ ತಲುಪಿ ಅಲ್ಲಿಂದ ಪತ್ರಿಕೆಗಳಿಗೆ ಹೋಗುತ್ತಿತ್ತು. 1835ರಿಂದ ಪ್ರಕಟವಾಗುತ್ತಿದ್ದ ಮೈನಿಂಗ್ ಜರ್ನಲ್ ವಾರಪತ್ರಿಕೆ ಗಣಿ ಷೇರುದಾರರ ಮುಖ್ಯ ಆಧಾರವಾಗಿತ್ತು. ಕೋಲಾರ ಚೇತರಿಸಿಕೊಂಡ ವರ್ಷಗಳಲ್ಲೇ ಫೈನಾನ್ಷಿಯಲ್ ನ್ಯೂಸ್ (1884) ಮತ್ತು ಫೈನಾನ್ಷಿಯಲ್ ಟೈಮ್ಸ್ (1888) ಎಂಬ ದಿನಪತ್ರಿಕೆಗಳು ಆರಂಭವಾದವು. ಷೇರುದಾರರು ವಾರ್ಷಿಕ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುತ್ತಿದ್ದರು. ಸಭೆಯ ನಡಾವಳಿ ಅಚ್ಚಾಗಿ ಬರುತ್ತಿದ್ದುದರಿಂದ ಸಭೆಗೆ ಬಾರದವರಿಗೂ ಉತ್ತರ ತಲುಪುತ್ತಿತ್ತು.

ಪ್ರತಿ ತಿಂಗಳ ಮಾಹಿತಿಯಲ್ಲಿ ಎರಡು ಅಂಕಿಗಳು ಪ್ರಧಾನವಾಗಿದ್ದವು: ಎಷ್ಟು ಟನ್ ಅದಿರು ಕುಟ್ಟಲಾಯಿತು, ಎಷ್ಟು ಔನ್ಸ್ ಚಿನ್ನ ದೊರೆಯಿತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅದಿರಿನ ಗುಣಮಟ್ಟದ ಅಂದಾಜು ಸಿಗುತ್ತದೆ. ಸಾಮಾನ್ಯ ಓದುಗ ಅಲ್ಲಿಗೆ ನಿಲ್ಲುತ್ತಿದ್ದ. ಆದರೆ ಗಣಿಯೊಂದು ತಾನು ಈಗಾಗಲೇ ಕಂಡುಕೊಂಡ ಶ್ರೀಮಂತ ಭಾಗವನ್ನೇ ಮೊದಲು ಬಗೆದು ತೆಗೆದರೆ ತಿಂಗಳ ಅಂಕಿ ಏರುತ್ತದೆ, ಗಣಿಯ ಆಯುಷ್ಯ ಮಾತ್ರ ಕುಗ್ಗುತ್ತದೆ. ನಿಜವಾದ ಸ್ಥಿತಿ ತಿಳಿಯಬೇಕಾದರೆ ವ್ಯವಸ್ಥಾಪಕನ ವರದಿಯ ಒಣ ಭಾಗವನ್ನು ಓದಬೇಕಿತ್ತು. ಆ ತಿಂಗಳು ಶಾಫ್ಟ್ ಎಷ್ಟು ಅಡಿ ಇಳಿಯಿತು, ಸುರಂಗ ಎಷ್ಟು ಮುಂದುವರಿಯಿತು, ಎಳೆಯ ಅಗಲವೆಷ್ಟು, ಕಣ್ಣಿಗೆ ಕಂಡ ಅದಿರು ಇನ್ನೆಷ್ಟು ವರ್ಷಕ್ಕೆ ಸಾಕು ಎಂಬ ವಿವರಗಳು ಅಲ್ಲಿರುತ್ತಿದ್ದವು. 1890ರ ದಶಕದಲ್ಲಿ ಸೈನೈಡ್ ವಿಧಾನ ಬಂದಾಗ ಲೆಕ್ಕ ಇನ್ನಷ್ಟು ತೊಡಕಾಯಿತು. ಪಾದರಸದಿಂದ ತೆಗೆದ ಮೇಲೂ ಪುಡಿಯಲ್ಲಿ ಉಳಿದುಹೋಗಿದ್ದ ಚಿನ್ನವನ್ನು ಹೊಸ ವಿಧಾನ ಹೊರತೆಗೆಯಿತು. ಆದ್ದರಿಂದ ಔನ್ಸ್‌ಗಳ ಏರಿಕೆ ಹೊಸ ಅದಿರಿನಿಂದ ಬಂದದ್ದೋ ಹಳೆಯ ತ್ಯಾಜ್ಯದಿಂದ ಬಂದದ್ದೋ ಎಂದು ಬಿಡಿಸಿ ನೋಡಬೇಕಾಗುತ್ತಿತ್ತು.

ಗಣಿಯ ಯಶಸ್ಸು ಹೆಸರುಗಳಿಗೂ ಬೆಲೆ ತಂದಿತು. 'ಮೈಸೂರು' ಎಂಬ ಪದವನ್ನು ಹೊತ್ತ ಹಲವು ಕಂಪನಿಗಳು ಬಂದವು. ಕೋರಮಂಡಲ್, ನೈನ್ ರೀಫ್ಸ್, ರೋಡ್ ಬ್ಲಾಕ್, ಟ್ಯಾಂಕ್ ಬ್ಲಾಕ್ ಮುಂತಾದವು ಅಕ್ಕಪಕ್ಕದಲ್ಲೇ ಇದ್ದರೂ ಮುಖ್ಯ ಐದು ಗಣಿಗಳ ಮಟ್ಟ ಮುಟ್ಟಲಿಲ್ಲ. ಕೋರಮಂಡಲ್ ಈಗ ಕೆಜಿಎಫ್‌ನ ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. 20ನೇ ಶತಮಾನದ ಮೊದಲ ದಶಕದಲ್ಲಿ ಗದಗ ಸಮೀಪದ ಕಪ್ಪತಗುಡ್ಡ ಪ್ರದೇಶದಲ್ಲಿಯೂ ಇಂಥದೇ ಉತ್ಸಾಹ ಕಾಣಿಸಿ, ಬೇಗನೆ ತಣ್ಣಗಾಯಿತು.

ರಾಜ್ಯ, ರೈಲು ಮತ್ತು ವಿದ್ಯುತ್

ಮೈಸೂರು ಸರ್ಕಾರ ಷೇರು ಕೊಳ್ಳಲಿಲ್ಲ. ತೆಗೆದ ಚಿನ್ನದ ಮೌಲ್ಯದ ಮೇಲೆ ನೂರಕ್ಕೆ ಐದರಂತೆ ರಾಜಧನ ಪಡೆಯಿತು. ಕಂಪನಿಗೆ ನಷ್ಟವಾದರೂ ಬರುವ ಆದಾಯ ಇದು. ಬೆಂಗಳೂರು–ಮದ್ರಾಸ್ ಮಾರ್ಗದಲ್ಲಿ ಮೊದಲು ಕೋಲಾರ್ ರೋಡ್ ಎಂಬ ಹೆಸರಿದ್ದ ನಿಲ್ದಾಣ, ಮೈಸೂರಿನ ಕಮಿಷನರ್ ಆಗಿದ್ದ ಎಲ್. ಬಿ. ಬೌರಿಂಗ್ ನೆನಪಿನ ಬೌರಿಂಗ್‌ಪೇಟೆಯಾಗಿ ಬೆಳೆಯಿತು. ಅದೇ ಈಗಿನ ಬಂಗಾರಪೇಟೆ. ಗಣಿಗೆ ಬೇಕಾದ ಬಾಯ್ಲರುಗಳೂ ಕುಟ್ಟುವ ಯಂತ್ರಗಳೂ ಇಲ್ಲಿ ಇಳಿದು ಎತ್ತಿನ ಗಾಡಿಗಳಲ್ಲಿ ಸಾಗಬೇಕಿತ್ತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಸುಮಾರು ಹತ್ತು ಮೈಲಿಯ ರೈಲು ಮಾರ್ಗ ತೆರೆಯಿತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಎರಡೂ ಉತ್ಪಾದನಾ ವೆಚ್ಚವನ್ನು ತಗ್ಗಿಸಿ ಲಾಭಾಂಶಕ್ಕೆ ನೆರವಾದವು. 1900ರ ದಶಕದಲ್ಲಿ ಕೋಲಾರದ ಗಣಿಗಳು ವರ್ಷಕ್ಕೆ ಐದು ಲಕ್ಷ ಔನ್ಸ್‌ಗೂ ಮೀರಿ ಚಿನ್ನ ಕೊಡುತ್ತಿದ್ದವು.

ಲಾಭಾಂಶದ ಬಹುಪಾಲು ಬ್ರಿಟನ್ನಿಗೆ ಹೋಯಿತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದು ನೆಲದಡಿ ದುಡಿದವರಿಗೆ ಈ ಷೇರುಗಳೊಡನೆ ಯಾವ ಸಂಬಂಧವೂ ಇರಲಿಲ್ಲ. ಗಣಿ ಆಳವಾದಂತೆ ಬಂಡೆ ಸಿಡಿತಗಳೂ ಶಾಖವೂ ಹೆಚ್ಚಿದವು. ಧೂಳಿನಿಂದ ಶ್ವಾಸಕೋಶದ ಕಾಯಿಲೆ ಹರಡಿತು. ಷೇರುದಾರರ ವರದಿಯಲ್ಲಿ ಬಂಡೆ ಸಿಡಿತ ಎಂಬುದು ಮುಖ್ಯವಾಗಿ ಉತ್ಪಾದನೆಗೆ ಬಂದ ಅಡಚಣೆ. 1930ರಲ್ಲಿ ಕಾರ್ಮಿಕರು ಮೂರು ವಾರಗಳ ಕಾಲ ಮುಷ್ಕರ ಹೂಡಿದಾಗ ಗಣಿಯ ಇನ್ನೊಂದು ಮುಖ ಹೊರಜಗತ್ತಿಗೆ ಕಾಣಿಸಿತು.

ಖಾಸಗಿ ಷೇರುಗಳ ಕೊನೆ

1956ರ ನವೆಂಬರ್‌ನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಪಡಿಸಿಕೊಂಡು ಕಂಪನಿಗಳಿಗೆ ಪರಿಹಾರ ನೀಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ವರ್ಗವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಸರ್ಕಾರದ ಒಡೆತನದ ಈ ಕಂಪನಿಯ ಷೇರುಗಳು ಮಾರುಕಟ್ಟೆಯಲ್ಲಿ ವಹಿವಾಟಾಗುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1880ರಿಂದ ಅಲ್ಲಿಯವರೆಗೆ ತೆಗೆದ ಚಿನ್ನ ಸುಮಾರು 800 ಟನ್. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ತ್ಯಾಜ್ಯ ದಿಬ್ಬಗಳಲ್ಲಿ ಮತ್ತೆ ಚಿನ್ನ ಸಂಸ್ಕರಿಸುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಕೆಜಿಎಫ್‌ಗೆ ಸಂಬಂಧಿಸಿ ಈಗ ಷೇರುಪೇಟೆಯಲ್ಲಿ ಕಾಣಸಿಗುವುದು 1964ರಲ್ಲಿ ಆರಂಭವಾದ, ಇಲ್ಲಿ ದೊಡ್ಡ ಕಾರ್ಖಾನೆ ಹೊಂದಿರುವ ಬಿಇಎಂಎಲ್ ಸಂಸ್ಥೆಯ ಷೇರು. ಅದಕ್ಕೂ ಚಿನ್ನಕ್ಕೂ ಸಂಬಂಧವಿಲ್ಲ.

ಇಂದಿನ ಚಿಪ್ ಕಂಪನಿಗಳೊಡನೆ ಹೋಲಿಕೆ

ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್‌ಗಳನ್ನು ರೂಪಿಸುವ ಹೊಸ ಕಂಪನಿಗಳ ಬಗ್ಗೆ ಸಣ್ಣ ಹೂಡಿಕೆದಾರರು ತಾವೇ ಅಧ್ಯಯನ ನಡೆಸಿ ಪರಸ್ಪರ ಹಂಚಿಕೊಳ್ಳುವುದು ಈಚಿನ ವಿದ್ಯಮಾನ. ಅವರ ಸ್ಥಿತಿ ಹಲವು ರೀತಿಯಲ್ಲಿ ಕೋಲಾರದ ಷೇರುದಾರರದಕ್ಕೆ ಹತ್ತಿರವಾಗಿದೆ. ಆಯ್ದ ಕಲ್ಲಿನ ಪರೀಕ್ಷೆಯ ಸ್ಥಾನದಲ್ಲಿ ಕಂಪನಿಯೇ ಆಯ್ದ ಕೆಲಸದ ಮೇಲೆ ನಡೆಸಿದ ವೇಗ ಪರೀಕ್ಷೆ ಬಂದಿದೆ. ಚಿಪ್ ಒಂದು ಕೆಲಸದಲ್ಲಿ ವೇಗವಾಗಿರುವುದಕ್ಕೂ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಲಾಭಕ್ಕೆ ಮಾರುವುದಕ್ಕೂ ನಡುವಿನ ಅಂತರ ದೊಡ್ಡದು. ವಿವರಗಳು ಬಹುಮಟ್ಟಿಗೆ ಸಾರ್ವಜನಿಕ ದಾಖಲೆಗಳಲ್ಲೇ ಇರುತ್ತವೆ, ಆದರೆ ಶೀರ್ಷಿಕೆಯಲ್ಲಿರುವುದಿಲ್ಲ. ಬೆಂಗಳೂರಿನಲ್ಲಿಯೂ ಕಚೇರಿ ತೆರೆದಿರುವ ಅಮೆರಿಕದ ಸೆರೆಬ್ರಾಸ್ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಷೇರು ಬಿಡುಗಡೆಗಾಗಿ ಸಲ್ಲಿಸಿದ ದಾಖಲೆಯಲ್ಲಿ, ಆ ವರ್ಷದ ಮೊದಲ ಆರು ತಿಂಗಳ ಆದಾಯದ ಶೇಕಡ 87ರಷ್ಟು ಅಬುಧಾಬಿಯ ಜಿ42 ಎಂಬ ಒಂದೇ ಗ್ರಾಹಕ ಸಂಸ್ಥೆಯಿಂದ ಬಂದಿತ್ತು ಎಂಬ ಅಂಶ ಹೀಗೆ ಓದುಗರ ಗಮನಕ್ಕೆ ಬಂದಿತು.

ಕಾನೂನಿನ ಮಟ್ಟಿಗೆ ವ್ಯತ್ಯಾಸ ದೊಡ್ಡದು. ಪ್ರಾಸ್ಪೆಕ್ಟಸ್‌ನ ಸುಳ್ಳಿಗೆ ನಿರ್ದೇಶಕರನ್ನು ಹೊಣೆ ಮಾಡುವ ಕಾಯ್ದೆ ಬ್ರಿಟನ್ನಿನಲ್ಲಿ ಬಂದದ್ದು 1890ರಲ್ಲಿ. ವೈನಾಡಿನಲ್ಲಿ ಹಣ ಕಳೆದುಕೊಂಡವರ ಪಾಲಿಗೆ ಅದು ತಡವಾಗಿತ್ತು. ಭಾರತದಲ್ಲಿ ಈಗ ಸೆಬಿಯ 2014ರ ಸಂಶೋಧನಾ ವಿಶ್ಲೇಷಕರ ನಿಯಮಗಳ ಪ್ರಕಾರ ಶುಲ್ಕ ಪಡೆದು ಷೇರು ಶಿಫಾರಸು ಮಾಡುವವರು ನೋಂದಣಿ ಹೊಂದಿರಬೇಕು ಮತ್ತು ತಮ್ಮ ಹಿತಾಸಕ್ತಿಯನ್ನು ಪ್ರಕಟಿಸಬೇಕು. ನೋಂದಣಿಯಿಲ್ಲದೆ ಸಲಹೆ ನೀಡುವವರೊಡನೆ ದಲ್ಲಾಳಿ ಸಂಸ್ಥೆಗಳಂತಹ ನಿಯಂತ್ರಿತ ಘಟಕಗಳು ವ್ಯವಹರಿಸುವುದನ್ನು 2024ರ ಆಗಸ್ಟ್‌ನ ತಿದ್ದುಪಡಿ ನಿರ್ಬಂಧಿಸಿತು. ವಿದೇಶಿ ಚಿಪ್ ಕಂಪನಿಯ ಷೇರು ಕೊಳ್ಳುವ ಭಾರತದ ನಿವಾಸಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರ್‌ಗಳ ಮಿತಿಯಿದೆ. ಆ ಕಂಪನಿಯ ಬಗ್ಗೆ ದೂರು ಇದ್ದರೆ ಅದನ್ನು ಆಲಿಸುವುದು ಆಯಾ ದೇಶದ ನಿಯಂತ್ರಕ ಸಂಸ್ಥೆ, ಸೆಬಿ ಅಲ್ಲ.